ನಾನು ಕಲಿತ ಆಪರೇಷನ್

ಆಸ್ಪತ್ರೆಯ ವೈದ್ಯರ ಕೋಣೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಅಕ್ಕರೆಯ ಅಕ್ಕಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಬಿಸಿನೀರು ಕುಡಿ ಎಂದು ನಿನಗೆ ನಾನು ಹೇಳಬೇಕೇ, ಆದರೂ ಹೇಳುತ್ತೇನೆ. ನನಗೇನೂ ಆಗಿಲ್ಲ, ದಣಿದಿದ್ದೇನೆ ಅಷ್ಟೇ. ಎರಡು ದಿನ ರಜೆ ಹಾಕಿ ಮಲಗಿದರೂ ಹೋಗದಂಥ ದಣಿವು.

ಬೆನ್ನುಮೂಳೆಗೆ ಸ್ಕ್ರೂ, ಸರಳು ಕೂರಿಸುವ ನಮ್ಮ ಗುರುಗಳ ವಿಧಾನ ನಿನಗೆ ಗೊತ್ತಲ್ಲ. ನನಗೆ ಹೆಸರು, ಹುದ್ದೆ, ವಿದ್ಯಾರ್ಥಿಗಳು ಎಲ್ಲ ಸಿಕ್ಕಿದ್ದು ಅದರಿಂದಲೇ. ಅದು ಎಷ್ಟು ಒಳ್ಳೆಯದೆಂದು ತೋರಿಸಲೆಂದೇ ಈ ಅಧ್ಯಯನ ಶುರುಮಾಡಿದ್ದೆ. ಬರೀ ಸೊಂಟನೋವು ಇದ್ದವರಲ್ಲಿ ಅರ್ಧ ಜನಕ್ಕೆ ಆಪರೇಷನ್, ಉಳಿದವರಿಗೆ ವ್ಯಾಯಾಮ. ವರ್ಷಗಟ್ಟಲೆ ಕಾದೆವು. ಈಗ ನೋಡಿದರೆ ಎರಡು ಗುಂಪಿನವರೂ ಒಂದೇ ತರ ಇದ್ದಾರೆ ಅಕ್ಕಾ. ನಡೆಯುವುದು, ನಿದ್ದೆ ಮಾಡುವುದು, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು, ಯಾವುದರಲ್ಲೂ ವ್ಯತ್ಯಾಸವಿಲ್ಲ. ಲೆಕ್ಕ ನೋಡುವ ಹುಡುಗಿಯಿಂದ ಮತ್ತೆ ಮತ್ತೆ ಮಾಡಿಸಿದೆ. ಕೊನೆಗೆ ಅವಳೇ, "ಮೇಡಂ, ಎಷ್ಟು ಸಲ ಮಾಡಿದ್ರೂ ಇಷ್ಟೇ ಬರೋದು" ಅಂದಳು.

ಮೊದಲು ಗುರುಗಳಿಗೇ ತಿಳಿಸೋಣವೆಂದು ಅವರ ಮನೆಗೆ ಹೋದೆ. ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದಿಟ್ಟು, ನನ್ನ ಕೈಗಳನ್ನೇ ನೋಡುತ್ತ ಕುಳಿತರು. "ಈ ಕೈಗೆ ಕಲಿಸಿದ್ದು ನಾನು. ನಾನು ಹೋದ್ಮೇಲೆ ಪ್ರಕಟ ಮಾಡಬಾರದಾ?" ಅಂದರು. ಬೈದಿದ್ದರೆ ಚೆನ್ನಾಗಿತ್ತು, ಅಂಥವರು ಬೇಡಿಕೊಂಡರು. "ಅಲ್ಲೀವರೆಗೆ ಬರೋ ರೋಗಿಗಳಿಗೆ ಏನು ಹೇಳ್ಲಿ ಸಾರ್?" ಎಂದೆ. ಯಾವಾಗಲೂ ಬಾಗಿಲವರೆಗೆ ಬಂದು ಕಳಿಸುವವರು ಈ ಸಲ ಕುರ್ಚಿ ಬಿಟ್ಟು ಏಳಲಿಲ್ಲ.

ಹೋದ ವಾರ ವೈದ್ಯಕೀಯ ಪತ್ರಿಕೆಗೆ ಲೇಖನ ಕಳಿಸಿಬಿಟ್ಟೆ. ಅಂದಿನಿಂದ ವಿಭಾಗದಲ್ಲಿ ಯಾರೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಮುರಿದ ಮೂಳೆಗೆ, ಗೂನಿಗೆ, ಗಡ್ಡೆಗೆ ಆಪರೇಷನ್ ಬೇಕೇ ಬೇಕು, ನನ್ನ ಕೆಲಸವೇನೂ ಮುಗಿದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ಮಕ್ಕಳಿಗೆ ಮುದ್ದು. ನೀನು ಬೆಚ್ಚಗಿರು.

ನಿನ್ನ
ಪುಟ್ಟಿ

ತಾ.ಕ.: ಇಷ್ಟು ಹೊತ್ತು ಇದನ್ನು ಬರೆಯಲು ಕೈ ಬರಲಿಲ್ಲ. ಮುಂದಿನ ತಿಂಗಳು ಭಾವನಿಗೆ ಮಾಡಬೇಕೆಂದಿರುವುದು ಇದೇ ಆಪರೇಷನ್. ರದ್ದು ಮಾಡಿಸು. ಅವರ ಸ್ಕ್ಯಾನ್ ಮತ್ತೆ ನೋಡಿದೆ. ನರಕ್ಕೆ ಒತ್ತಡವಿಲ್ಲ, ಕಾಲಲ್ಲಿ ಬಲವಿದೆ, ಇರುವುದು ನೋವು ಮಾತ್ರ. "ಹೋದ ವರ್ಷ ಮಾಡಿಸ್ಕೊಳ್ಳಿ ಅಂದೋಳು ಈಗ ಬೇಡ ಅಂತಾಳೆ" ಎಂದು ಭಾವ ನಗಬಹುದು. ನಗಲಿ ಬಿಡು, ಇಲ್ಲಿ ನನ್ನ ಜೊತೆ ನಗುವವರು ಯಾರೂ ಉಳಿದಿಲ್ಲ. ಶನಿವಾರ ಬರುತ್ತೇನೆ, ವ್ಯಾಯಾಮ ನಾನೇ ಹೇಳಿಕೊಡುತ್ತೇನೆ.