ಅಳತೆಗಂಬ ಮತ್ತು ಕನ್ನಡಕ

ಅಪ್ಪಾ,

ಇವತ್ತು ಬೆಳಿಗ್ಗೆ ನಮ್ಮ ಕೆರೆಗೆ ನೀರು ಬಿಟ್ಟರು. ನೀನಿದ್ದಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ಕಾಲುವೆಯುದ್ದಕ್ಕೂ ನೀರಿನ ಜೊತೆಗೇ ನಡೆಯುತ್ತಿದ್ದೆ. ನಿನ್ನ ಬದಲಿಗೆ ನಾನು ನಡೆದೆ.

ಹೋದ ತಿಂಗಳು ನಮ್ಮ ಪಕ್ಷಿಧಾಮದ ಕಚೇರಿಗೆ ಒಬ್ಬ ವಿಜ್ಞಾನಿ ಮೇಡಂ ಬಂದಿದ್ದರು. ನನ್ನ ಕಂಪ್ಯೂಟರಿನಲ್ಲಿದ್ದ ಕೆರೆಯ ನೀರಿನ ಮಟ್ಟ ನೋಡಿ ಹುಬ್ಬು ಗಂಟಿಕ್ಕಿದರು. "ಬಿಸಿಲು ಇಷ್ಟು ಏರಿದೆ, ನೀರು ಮಾತ್ರ ಇಳಿದೇ ಇಲ್ವಾ? ಅಳೆದವರ ಪುಸ್ತಕ ಇದ್ರೆ ಕೊಡಿ," ಅಂದರು.

ಕೊಟ್ಟೆ. ಕಾವಲುಗಾರನಾಗಿ ನೀನು ದಿನಾ ಕೆರೆಯಲ್ಲಿ ನೆಟ್ಟ ಅಳತೆಗಂಬ ನೋಡಿ ಬರೆದ ಅಂಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಾನು ತಿದ್ದಿ ಕಂಪ್ಯೂಟರಿಗೆ ಹಾಕಿದ್ದು. ಬೇಲಿ ಹಾಕಿ ಕಾಯುವ ಕೆರೆ ಇಷ್ಟು ಇಳಿಯಲಾರದು, ನಿನ್ನ ಕಣ್ಣೇ ಮಂಜಾಗಿದೆ ಅಂದುಕೊಂಡು ಪ್ರತಿ ಬೇಸಿಗೆ ಒಂದು ಗೇಣು ಸೇರಿಸುತ್ತಿದ್ದೆನಲ್ಲ. ಕನ್ನಡಕವನ್ನೂ ಮಾಡಿಸಿಕೊಟ್ಟೆ. ನೀನು ಹಾಕಿಕೊಂಡೆ, ಮತ್ತೆ ಅದೇ ಅಂಕಿ ಬರೆದೆ. ಒಂದೇ ಒಂದು ಸಲ ಹೇಳಿದ್ದೆ: "ಬೇಲಿ ನೋಡಿ ಬೇಟೆಗಾರ ನಿಲ್ತಾನೆ, ಬಿಸಿಲು ನಿಲ್ಲುತ್ತಾ ಮಗಳೇ?"

ನಿನ್ನ ಅಂಕಿಗಳನ್ನು ನಂಬಿಯೇ ಮುಚ್ಚಿಹೋಗಿದ್ದ ಹಳೇ ಕಾಲುವೆಯನ್ನು ತೆರೆಸಿದರು. ಮಧ್ಯಾಹ್ನದ ಹೊತ್ತಿಗೆ ಬಿರುಕುಬಿಟ್ಟ ಕೆಸರೆಲ್ಲ ಮುಳುಗಿತ್ತು. ಬಾತುಗಳಂತೂ ಮದುವೆ ಮನೆಗೆ ಬಂದ ನೆಂಟರ ಹಾಗೆ ಗದ್ದಲ ಮಾಡುತ್ತ ಇಳಿದವು. ಎಷ್ಟು ಹೊತ್ತು ನಗುತ್ತ ನಿಂತಿದ್ದೆನೋ.

ನಿನ್ನ ಕನ್ನಡಕ ನನ್ನ ಮೇಜಿನ ಖಾನೆಯಲ್ಲಿದೆ. ಗಾಜಿನ ಮೇಲೆ ಒಂದು ಗೀರೂ ಇಲ್ಲ.

ಈಗ ನನ್ನ ಕಣ್ಣಿಗೇ ಕನ್ನಡಕ ಬಂದಿದೆ. ಸಂಜೆ ನನ್ನದನ್ನು ಒರೆಸಿಕೊಂಡು ಅಳತೆಗಂಬದ ಹತ್ತಿರ ಹೋದೆ. ಎರಡು ಸಲ ನೋಡಿದೆ. ನಿನ್ನ ಪುಸ್ತಕದಲ್ಲೇ, ನಿನ್ನ ಕೊನೆಯ ಸಾಲಿನ ಕೆಳಗೆ, ಕಂಡಷ್ಟೇ ಬರೆದೆ.