ಆಫ್ ಮಾಡದ ಕಂಪ್ಯೂಟರ್

ಗುರುವಾರ, ಮಧ್ಯಾಹ್ನ

ಮಗಳೇ,

ನಾನು ನಿನ್ನ ಅಮ್ಮ, ಈ ಕಸೂತಿ ಕಾರ್ಖಾನೆಯ ಯಜಮಾನಿ. ಹೈಸ್ಕೂಲು ಮುಗಿಸಿದವಳು ಒಂದು ಕಾಲ್ತುಳಿ ಮೆಷೀನು ಇಟ್ಟುಕೊಂಡು ಶಾಲೆಗಳ ಬ್ಯಾಡ್ಜು ಹೊಲಿಯಲು ಕೂತೆ. ಇವತ್ತು ಊರಿನ ಅರ್ಧ ಮಕ್ಕಳ ಎದೆಯ ಮೇಲೆ, ನರ್ಸುಗಳ ಜೇಬಿನ ಮೇಲೆ ಇರುವುದು ನನ್ನ ಮನೆಯ ದಾರ. ಇಲ್ಲಿ ನಾನು ಹೇಳಿದ್ದೇ ನಡೆಯುವುದು. ಆದ್ದರಿಂದ ಮಾಡಿ ಮುಗಿಸಿದ್ದನ್ನು ತಿಳಿಸಲು ಬರೆಯುತ್ತಿದ್ದೇನೆ. ನಿನ್ನ ಒಪ್ಪಿಗೆಗಾಗಿ ಅಲ್ಲ.

ಕಸೂತಿ ಡಿಸೈನುಗಳಿರುವ ಕಂಪ್ಯೂಟರಿಗೆಂದು ನೀನು ಕಳಿಸಿಕೊಟ್ಟ ಹೊಸ ಡಿಸ್ಕು, ಆ ಎಸ್‌ಎಸ್‌ಡಿಯನ್ನು ಹಾಕಿಸಿದೆಯಾ ಎಂದು ಫೋನ್ ಮಾಡಿದಾಗಲೆಲ್ಲ ನೀನು ಕೇಳುತ್ತಿದ್ದೆ. ತಿರುಪಿಗೆ ಪುರುಸೊತ್ತಿಲ್ಲ ಎಂದು ನಾನು ಹೇಳುತ್ತಿದ್ದೆ. ಬಾಯಲ್ಲಿ ತಿರುಪು ಕಚ್ಚಿಕೊಂಡೇ ಮಾತಾಡುವ ಆ ರಿಪೇರಿಯವನಿಗೆ ಹಾಗೆ ಹೆಸರಿಟ್ಟವಳು ನೀನೇ. ನಿಜಕ್ಕೂ ಅವನು ಡಿಸ್ಕು ಬಂದ ವಾರವೇ ಬಂದಿದ್ದ. “ಹಳೇ ಹಾರ್ಡ್ ಡಿಸ್ಕಲ್ಲಿ ಇರೋದನ್ನೆಲ್ಲ ಇದಕ್ಕೆ ಇಳಿಸಿಬಿಡ್ತೀನಮ್ಮ. ಆಮೇಲೆ ನಿಮ್ಮ ಕಂಪ್ಯೂಟರನ್ನ ಹಿಡಿಯೋಕಾಗಲ್ಲ ನೋಡಿ. ಆದ್ರೆ ಒಂದ್ಸಲ ಆಫ್ ಮಾಡಬೇಕು” ಅಂದ. ಟೀ ಕುಡಿದು ಹೊರಡು ಎಂದೆ. ಕುಡಿದು ಹೊರಟ.

ಯಾಕೆ ಎಂದು ಯಾರಿಗೂ ಹೇಳಿರಲಿಲ್ಲ. ನಿನ್ನ ಅಣ್ಣ ಹೋದ ದಿನ ಬೆಳಿಗ್ಗೆ ಆ ಕಂಪ್ಯೂಟರನ್ನು ಆನ್ ಮಾಡಿ, ಅದು ಏಳುವುದರೊಳಗೆ ಬಂದುಬಿಡುತ್ತೇನೆ ಅಂತ ನಗಾಡಿ, ಬ್ಯಾಡ್ಜಿನ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋದ. ಅಷ್ಟು ನಿಧಾನ ಅದು, ನಿನಗೆ ಗೊತ್ತಲ್ಲ. ಲಾರಿಯವನು ಅವನನ್ನು ಬರಗೊಡಲಿಲ್ಲ. ಅವನನ್ನು ಮನೆಗೆ ತಂದಾಗಲೂ ಅದು ಗುಂಯ್‌ಗುಡುತ್ತಲೇ ಇತ್ತು. ಎಷ್ಟೋ ದಿನದ ಮೇಲೆ ನಿನ್ನ ಅತ್ತಿಗೆ ಅದನ್ನು ಆರಿಸಲು ಕೈ ಚಾಚಿದಳು. ನಾನು ಕಿರುಚಿದೆ. ಹಳೇ ಡಿಸ್ಕು ಒಮ್ಮೆ ನಿಂತರೆ ಮತ್ತೆ ತಿರುಗದೇ ಹೋಗಬಹುದು, ಡಿಸೈನುಗಳೆಲ್ಲ ಹೋಗುತ್ತವೆ ಎಂದೆ. ತಿರುಪು ಯಾವಾಗಲೋ ಅಂದಿದ್ದ ಮಾತು ಅದು. ಆ ಹೊತ್ತಿಗೆ ನನಗೆ ಒದಗಿಬಂತು.

ಅವನ ಕೈ ಆನ್ ಮಾಡಿದ್ದು ಅದು; ಆಮೇಲೆ ಯಾರಿಗೂ ಆರಿಸಲು ಬಿಡಲಿಲ್ಲ. ಅಪ್‌ಡೇಟ್ ಬಂದು ತಾನೇ ನಿಂತು ಏಳುತ್ತದೆ ಎಂದು ಕೇಳಿ ಇಂಟರ್ನೆಟ್ ತಂತಿಯನ್ನು ಕೀಳಿಸಿದೆ. ಕರೆಂಟ್ ಹೋದರೆ ಯುಪಿಎಸ್ ಬ್ಯಾಟರಿ ಮುಗಿಯುವುದರೊಳಗೆ ಜನರೇಟರ್ ಎಳೆಯುವುದು ಅತ್ತಿಗೆಯ ಪಾಲಿಗೆ ಬಂತು. ತನ್ನ ತಂಗಿಯ ಮದುವೆಗೆ ಹೋದವಳು ಊಟಕ್ಕೂ ನಿಲ್ಲದೆ ಬಂದಳು. ಎದುರು ಮಾತಾಡಲಿಲ್ಲ. ಅದು ಸೊಸೆಯ ಮರ್ಯಾದೆ ಎಂದುಕೊಂಡೆ.

ಅವಳ ಅಪ್ಪನಿಗೆ ಲಕ್ವ ಹೊಡೆದ ಸುದ್ದಿ ನಿನಗೆ ತಿಳಿಸಿದ್ದೆ. ಅದು ಮತ್ತೆ ಮತ್ತೆ ಹೊಡೆದು ಅವರ ಮಾತು ಇಷ್ಟಿಷ್ಟೇ ಹೋಗುತ್ತಿತ್ತು. ಮೊದಲು ಊರ ಹೆಸರುಗಳು ಹೋದವು, ಆಮೇಲೆ ಜನರ ಹೆಸರುಗಳು. ಅವಳು ನನ್ನ ಮುಂದೆ ನಿಂತು, “ಅತ್ತೆ, ಅಪ್ಪಂಗೆ ಇನ್ನೂ ನಾಲ್ಕು ಮಾತು ಬರ್ತಿದೆ. ಅದು ಇರೋವಾಗ್ಲೇ ಹೋಗಿ ಒಂದು ತಿಂಗಳು ಇದ್ದು ಬರ್ತೀನಿ” ಅಂದಳು. “ಹೋಗು. ಈ ಕಂಪ್ಯೂಟರನ್ನ ಯಾರು ನೋಡ್ಕೋತಾರೆ, ನಿನ್ನ ಅಪ್ಪನಾ?” ಎಂದೆ. ನನ್ನ ಬಾಯಿ ನಿನಗೆ ಗೊತ್ತಿದ್ದದ್ದೇ. ಅವಳು ಏನೋ ಹೇಳುವವಳ ಹಾಗೆ ಬಾಯಿ ತೆರೆದು, ಮುಚ್ಚಿಕೊಂಡು, ಒಳಗೆ ಹೋಗಿ ದಾರ ಪೋಣಿಸಲು ಕೂತಳು.

ಕಳೆದ ಭಾನುವಾರ ಅವಳ ತಾಯಿ ಫೋನ್ ಮಾಡಿ, ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದರು. ಇವಳು ಕೇಳೇ ಕೇಳಿದಳು. “ಅಪ್ಪಾ, ನಾನು. ಯಾರು ಹೇಳು? ಹೇಳಪ್ಪಾ, ಒಂದ್ಸಲ.” ಆ ಕಡೆಯಿಂದ ಬರಿಯ ಉಸಿರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನ ಮಗನದೆಂದು ಉಳಿಸಿಕೊಳ್ಳಲು ಒಂದು ಡಬ್ಬಿಯ ಸದ್ದನ್ನು ಕಾದೆ. ಅವಳ ಅಪ್ಪನ ಬಾಯಿ ಅಷ್ಟರಲ್ಲಿ ಮುಚ್ಚಿಹೋಗಿತ್ತು.

ಸೋಮವಾರ ನಾನೇ ಅವಳ ಬಟ್ಟೆ ಮಡಚಿ ಬ್ಯಾಗಿಗೆ ಹಾಕಿದೆ. “ಮತ್ತೆ ಕಂಪ್ಯೂಟರು?” ಎಂದಳು. ನಿನ್ನ ಕೆಲಸ ನೀನು ನೋಡು ಎಂದು ಗದರಿ ಬಸ್ಸು ಹತ್ತಿಸಿದೆ. ಶಾಲೆ ಶುರುವಾಗುವ ಹೊತ್ತಿನಲ್ಲಿ ಅವಳನ್ನು ಹೇಗೆ ಕಳಿಸಿದೆ ಎಂದು ನೀನು ಕೇಳಬೇಡ. ಎಷ್ಟು ದಿನ ಬೇಕೋ ಅಷ್ಟು ದಿನ ಇರುತ್ತಾಳೆ. ಬರದಿದ್ದರೂ ಅವಳ ಸಂಬಳ ಅವಳಿಗೆ ಹೋಗುತ್ತದೆ.

ನಿನ್ನೆ ತಿರುಪನ್ನು ಕರೆಸಿದೆ. ಹೊಲಿಗೆ ಮೆಷೀನುಗಳನ್ನೆಲ್ಲ ನಿಲ್ಲಿಸಿ, ಅವನನ್ನು ಪಕ್ಕಕ್ಕೆ ಸರಿಸಿ, ನಾನೇ ಕೂತು ಆರಿಸಿದೆ. ಫ್ಯಾನು ನಿಂತಿತು. ಡಿಸ್ಕಿನ ಗುಂಯ್ ಎನ್ನುವುದು ಇಳಿದು ಇಳಿದು ಇಲ್ಲವಾಯಿತು. ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ನಿಮಗೆ ಕೆಲಸ ಇಲ್ಲವಾ ಎಂದೆ.

ನಿನ್ನ ಎಸ್‌ಎಸ್‌ಡಿ ಈಗ ಅದರೊಳಗಿದೆ. ಅಣ್ಣನ ಡಿಸೈನುಗಳೆಲ್ಲ ಒಂದೂ ಬಿಡದೆ ಬಂದಿವೆ. ಗುಂಡಿ ಒತ್ತಿ ಸೆರಗು ಸರಿಮಾಡಿಕೊಳ್ಳುವುದರೊಳಗೆ ಎಲ್ಲ ತೆರೆದುಕೊಳ್ಳುತ್ತದೆ, ಸದ್ದೇ ಇಲ್ಲ. ಒಳ್ಳೆಯ ವಸ್ತುವೇ ಕಳಿಸಿದ್ದೀಯ. ಅಷ್ಟು ಬೇಗ ಎದ್ದದ್ದು ನನಗೆ ಹಿಡಿಸಲಿಲ್ಲ, ಅಷ್ಟೇ.

ಮೈ ಕಡೆ ನೋಡಿಕೋ.

ಹರಸುವ,
ನಿನ್ನ ಅಮ್ಮ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಡಬ್ಬಿ ಬಿಚ್ಚಿದ ತಿರುಪು ಒಳಗೆ ಕೈ ತೋರಿಸಿ, “ಈ ಪವರ್ ಸಪ್ಲೈ ಗಟ್ಟಿಯಾಗೇ ಇದೆ. ಹೋದ ವರ್ಷ ನಾನೇ ಹಾಕಿದ್ದಲ್ವಾ” ಎಂದು ನಾಲಿಗೆ ಕಚ್ಚಿಕೊಂಡ. ಬಿಡಲಿಲ್ಲ ನಾನು. ಕಣ್ಣಿನ ಆಪರೇಷನ್ನಿಗೆಂದು ನಿನ್ನ ಮನೆಯಲ್ಲಿದ್ದೆನಲ್ಲ, ಆ ವಾರ ಕಂಪ್ಯೂಟರ್ ಢಬ್ ಎಂದು ತಾನಾಗಿಯೇ ಸತ್ತುಹೋಗಿತ್ತಂತೆ. ಅವನನ್ನು ಕರೆಸಿ, ಪವರ್ ಸಪ್ಲೈ ಹೊಸದು ಹಾಕಿಸಿ, ಮತ್ತೆ ಆನ್ ಮಾಡಿದವಳು ನಿನ್ನ ಅತ್ತಿಗೆ. “ಅತ್ತೆ ತಡ್ಕೊಳ್ಳಲ್ಲ, ಹೇಳ್ಬೇಡಿ” ಅಂದಳಂತೆ. ಅಪ್ಪನ ಹತ್ತಿರ ಹೋಗುತ್ತೇನೆ ಎಂದು ಕೇಳಿದ ದಿನ ಈ ಒಂದು ಮಾತು ಆಡಿದ್ದರೆ ಅವಳನ್ನು ತಡೆಯಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ.

ನನಗೆ ಗೊತ್ತಾಗಿದೆ ಎಂದು ಅವಳಿಗೆ ಹೇಳಬೇಡ. ಇವತ್ತು ಬೆಳಿಗ್ಗೆ ಫೋನ್ ಮಾಡಿ ಕಂಪ್ಯೂಟರ್ ಹೇಗಿದೆ ಅತ್ತೆ ಎಂದು ಕೇಳಿದಳು. ನಾನೇ ಆರಿಸಿದೆ ಎಂದರೆ ನನಗೇನೋ ಆಯಿತೆಂದು ಹೆದರಿ ಸಂಜೆಯ ಬಸ್ಸಿಗೇ ಬಂದುಬಿಡುತ್ತಾಳೆ. ಆನ್ ಇದೆ ಎಂದೆ.