ಇಳಿಜಾರಿನ ಲೆಕ್ಕ

ಹಳೇಬೀಡು,
ಗುರುವಾರ, ನಡುರಾತ್ರಿ

ಶ್ರೀಜಾಳ ಅಪ್ಪನಿಗೆ,

ಎರಡು ಗಂಟೆ ಹತ್ತು ನಿಮಿಷಕ್ಕೆ ಬೀರುವಿನ ಹತ್ತಿರ ‘ಟಕ್’ ಎಂದಿತು, ಎಚ್ಚರವಾಯಿತು. ಹೆದರಬೇಡಿ, ಮಗುವಿಗೆ ಏನೂ ಆಗಿಲ್ಲ. ಅಮ್ಮ ಅದರ ಬಟ್ಟೆ ಬದಲಿಸಲು ಎದ್ದಿದ್ದಳಷ್ಟೆ.

ಆಗಿನಿಂದ ಹನ್ನೊಂದು ಸಲ ಕರೆ ಮಾಡಿದೆ. ತೊಟ್ಟಿಲು ಶಾಸ್ತ್ರದ ದಿನ ಮುನಿಸಿಕೊಂಡು ಅರಸೀಕೆರೆಗೆ ಹೋದವರು ನನ್ನ ಕರೆ ಎತ್ತುವುದಿಲ್ಲ. ಆದರೆ ಮಗುವಿನ ಫೋಟೋ ಕಳಿಸಿದರೆ ಎದ್ದೊಡನೆ ನೋಡುತ್ತೀರಿ. ಅದಕ್ಕೇ ಅದರ ಹಿಂದೆಯೇ ಈ ಕಾಗದದ ಫೋಟೋ.

ಇವತ್ತು ಬೆಳಿಗ್ಗೆ ಐದಕ್ಕೆ, ನೀವೇ ಮಾಡಿದ ಅಯಸ್ಕಾಂತದ ಗೇರಿನ ಸೈಕಲ್ಲನ್ನು ಮೊದಲ ಸಲ ಗಂಡಸಿಗೆ ಹೋಗುವ ದಾರಿಯ ಏರು ಹತ್ತಿಸಿ ಇಳಿಸುತ್ತೀರಂತೆ. ಕೈಬ್ರೇಕ್ ಬಿಚ್ಚಿದ್ದೀರಂತೆ, ಪೆಡಲು ಹಿಂದಕ್ಕೆ ತುಳಿದರೆ ಗೇರೇ ಹಿಡಿದು ನಿಲ್ಲಿಸುತ್ತದಂತೆ. ನಿಮ್ಮ ತಂಗಿ ಮಾಲಿನಿ ತಿಪಟೂರಿಗೆ ಹೊರಡುವ ಮುಂಚೆ ಹೇಳಿದಳು. ಈಗ ಮನೆಯಲ್ಲಿ ನೀವೊಬ್ಬರೇ.

ಒಂದಕ್ಕೊಂದು ತಾಗೋ ಹಲ್ಲಿಲ್ಲ, ಸವೆಯಲ್ಲ, ಎಣ್ಣೆ ಬೇಡ, ಭಾರ ಮೀರಿದರೆ ಮುರಿಯದೆ ಜಾರುತ್ತೆ ಕಣೇ ಎಂದು ಎಷ್ಟು ಸಲ ಹೇಳಿದ್ದೀರಿ! ನಾನೂ ಬಿ.ಎಸ್ಸಿ. ಓದಿದವಳು. ಪೆಡಲು ತುಳಿಯುವ ಕಾಲು ನಿಧಾನ, ಬಲ ಜಾಸ್ತಿ. ಸೈಕಲ್ಲಿಗೆ ಬೇಕಾದದ್ದು ಅದೇ, ಅಯಸ್ಕಾಂತಕ್ಕೆ ಆಗದ್ದೂ ಅದೇ. ಸೈಕಲ್ ಅಂಗಡಿಯ ಚನ್ನಪ್ಪ, ಮುಟ್ದಂಗೆ ಸಂಸಾರ ಮಾಡೋ ಗೇರು ಇದು ಸ್ವಾಮಿ, ಇಳಿಜಾರ್‌ನಾಗೆ ಕೈ ಕೊಡ್ತೈತೆ ಎಂದಾಗ ನೀವು ನಕ್ಕಿದ್ದಿರಿ. ಜಾರುವ ಗೇರನ್ನು ನಂಬಿ ಬ್ರೇಕ್ ಬಿಚ್ಚುವವರುಂಟೇ? ಆ ದಾರಿಯಲ್ಲಿ ಬೆಳಗಿನ ಜಾವ ತೆಂಗಿನಕಾಯಿ ಲಾರಿಗಳು ಬರುತ್ತವೆ.

ನಾನು ಆ ದಿನ ಅಷ್ಟು ಮಾತಾಡಬಾರದಿತ್ತು. ಮಗಳನ್ನು ತೊಟ್ಟಿಲಿಗೆ ಹಾಕುವಾಗಲೂ ನಿಮ್ಮ ಬೆರಳಲ್ಲಿ ಗೇರಿನ ಅಂಟು ಮೆತ್ತಿತ್ತು, ಅದಕ್ಕೇ ಸಿಟ್ಟು ಬಂತು. ಆದರೂ ನೀವು, ಮುಚ್ಚಳ ಹಾಕೋದು ನಿನ್ನ ಕೈಯಿಂದಲೇ ಆಗ್ಲಿ ಮೇಧೂ ಎಂದು ಗೇರನ್ನು ನನ್ನ ಮಡಿಲಿಗೆ ಕೊಟ್ಟು ಊಟಕ್ಕೆ ಹೋದಿರಿ.

ಇವತ್ತೊಂದು ದಿನ ಹೋಗಬೇಡಿ.

ನಿಮ್ಮ
ಮೇಧಿನಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಗೇರಿನೊಳಗೆ ಇಪ್ಪತ್ತೆರಡು ಅಯಸ್ಕಾಂತವಿಲ್ಲ, ಹದಿನೆಂಟೇ ಇವೆ. ಅಂಟು ಹಸಿಯಿರುವಾಗಲೇ ನಾಲ್ಕನ್ನು ಕಿತ್ತು ಮುಚ್ಚಳ ಹಾಕಿದೆ. ಏರಿನಲ್ಲಿ ಜಾರಲಿ, ಬೇಸತ್ತು ಬಿಟ್ಟು ನಮ್ಮ ಹತ್ತಿರ ಬರಲಿ ಎಂದು. ನೀವು ಬಿಡುವವರಲ್ಲ, ಮೇಲಕ್ಕೆ ತಳ್ಳಿಕೊಂಡಾದರೂ ಹೋಗಿ ಇಳಿಯುತ್ತೀರಿ ಎಂಬುದು ಈಗ ಹೊಳೆಯಿತು. ಆ ನಾಲ್ಕನ್ನೂ ಮಗುವಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಅಮ್ಮ ಬಟ್ಟೆ ಎಳೆದಾಗ ಹಾರಿ ಕಬ್ಬಿಣದ ಬೀರುವಿಗೆ ಅಂಟಿದವು. ಆ ‘ಟಕ್’ ಅದೇ. ಉಗುರು ಹಾಕಿ ಎಳೆದರೂ ಬರುತ್ತಿಲ್ಲ ರೀ. ಬೈಯುವುದಕ್ಕಾದರೂ ಸರಿ, ಬೆಳಗಾಗುವ ಮುಂಚೆ ಒಂದು ಫೋನ್ ಮಾಡಿ.